ಸ್ಕ್ರೀನ್ ರೀಡರ್ ನೆರವಿನಿಂದ ಧ್ವನಿ ಸಂಕಲನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಹುಟ್ಟಿನಿಂದಲೇ ಅಂಧ, ವಚನ ಗಾಯನ ನನ್ನ ವೃತ್ತಿ. ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ (ತೆರೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ) ಬಳಸಿ ಬರವಣಿಗೆಯ ಕೆಲಸವನ್ನೆಲ್ಲ ಮಾಡಿಕೊಳ್ಳುತ್ತೇನೆ. ಆದರೆ ಆಡಾಸಿಟಿ ಎಂಬ ಧ್ವನಿ ಸಂಕಲನದ ತಂತ್ರಾಂಶದಲ್ಲಿ ಹಾಡು ರೆಕಾರ್ಡ್ ಮಾಡಿದಾಗ ನಡುವೆ ಎನ್‌ವಿಡಿಎಯ ಮಾತೂ ಸೇರಿಕೊಳ್ಳುತ್ತದೆ. ಧ್ವನಿಮಟ್ಟ ಎಷ್ಟಿದೆಯೆಂದು ತಿಳಿಯುವುದಿಲ್ಲ. ಕೆಮ್ಮೊಂದನ್ನು ತೆಗೆಯಲು ಹೋದರೆ ಪಕ್ಕದ ಪದವೂ ತುಂಡಾಗುತ್ತದೆ. ಧ್ವನಿಯ ಏರಿಳಿತವನ್ನು ತೆರೆಯ ಮೇಲೆ ತೋರಿಸುವ ಅಲೆಯ ಚಿತ್ರ ಕಾಣದವರಿಗೆ ಸಂಕಲನ ಸಾಧ್ಯವಿಲ್ಲ ಎಂದು ಗೆಳೆಯರು ಹೇಳುತ್ತಾರೆ. ಇದು ನಿಜವೇ? (ಗದಗ ಜಿಲ್ಲೆಯ ಓದುಗರು)

ಉತ್ತರ: ನಿಜವಲ್ಲ. ಅಲೆಯ ಚಿತ್ರವು ಕಣ್ಣಿರುವವರಿಗೆ ಜಾಗ ಹುಡುಕುವ ಒಂದು ಸಾಧನ ಮಾತ್ರ. ಕತ್ತರಿಸಿದ್ದು ಸರಿಯಾಗಿದೆಯೇ ಎಂದು ಕಡೆಗೆ ಅವರೂ ಕಿವಿಯಿಂದಲೇ ತೀರ್ಮಾನಿಸಬೇಕು. ನಿಮಗಿರುವ ನಿಜವಾದ ತೊಡಕು ಬೇರೆಯದು. ನಿಮ್ಮ ಕಿವಿಗೆ ಏಕಕಾಲಕ್ಕೆ ಎರಡು ಕೆಲಸ ಬಿದ್ದಿದೆ: ಹಾಡನ್ನೂ ಕೇಳಬೇಕು, ಕಂಪ್ಯೂಟರ್ ಹೇಳುವುದನ್ನೂ ಕೇಳಬೇಕು. ಇವೆರಡನ್ನೂ ಬೇರ್ಪಡಿಸಿಕೊಂಡರೆ ಉಳಿದದ್ದೆಲ್ಲ ಅಭ್ಯಾಸದ ಮಾತು.

ಎನ್‌ವಿಡಿಎಯ ಮಾತು ರೆಕಾರ್ಡ್ ಆಗುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ. ಒಂದು, ಲ್ಯಾಪ್‌ಟಾಪ್‌ನ ಸ್ಪೀಕರಿನಿಂದ ಹೊರಟ ಮಾತು ಮೈಕ್‌ಗೆ ಬೀಳುವುದು. ಹೆಡ್‌ಫೋನ್ ಹಾಕಿಕೊಂಡರೆ ಇದು ನಿಲ್ಲುತ್ತದೆ. ಇನ್ನೊಂದು, ರೆಕಾರ್ಡಿಂಗ್ ಸಾಧನವಾಗಿ ಮೈಕ್‌ನ ಬದಲು ಸ್ಟೀರಿಯೋ ಮಿಕ್ಸ್ ಅಥವಾ ಲೂಪ್‌ಬ್ಯಾಕ್ ಆಯ್ಕೆಯಾಗಿರುವುದು. ಹಾಗಿದ್ದಾಗ ಕಂಪ್ಯೂಟರಿನಲ್ಲಿ ಹೊಮ್ಮುವ ಸದ್ದೆಲ್ಲ ಕಡತಕ್ಕೆ ಇಳಿಯುತ್ತದೆ. ಆಡಾಸಿಟಿಯ ಪ್ರಿಫರೆನ್ಸಸ್‌ನಲ್ಲಿ ಶಾರ್ಟ್‌ಕಟ್ ಕೀಲಿಗಳ ಫುಲ್ ಪಟ್ಟಿಯನ್ನು ಆರಿಸಿಕೊಂಡು, ಶಿಫ್ಟ್ ಮತ್ತು ಐ ಕೀಲಿಗಳನ್ನು ಒಟ್ಟಿಗೆ ಒತ್ತಿ ಸಾಧನಗಳ ಪಟ್ಟಿ ತೆರೆದು, ನಿಮ್ಮ ಮೈಕ್‌ನ ಹೆಸರನ್ನೇ ಆರಿಸಿಕೊಳ್ಳಿ. ಹಾಡಲು ಶುರುಮಾಡುವ ಮೊದಲು ಎನ್‌ವಿಡಿಎ ಕೀಲಿಯೊಂದಿಗೆ (ಸಾಮಾನ್ಯವಾಗಿ ಇನ್ಸರ್ಟ್) ಎಸ್ ಒತ್ತುತ್ತ ಮಾತನ್ನು ಪೂರ್ತಿ ನಿಲ್ಲಿಸಿಬಿಡುವುದು ಇನ್ನೂ ಒಳ್ಳೆಯದು. ಮೈಕ್‌ಗೆ ಬೀಳದಿದ್ದರೂ, ಶ್ರುತಿ ಹಿಡಿದು ಹಾಡುವಾಗ ಕಿವಿಯಲ್ಲಿ ಯಂತ್ರದ ಮಾತು ಕೇಳಿಸಿದರೆ ಸ್ವರ ಕದಲುತ್ತದೆ.

ಸಂಕಲನದ ಹೊತ್ತಿಗೆ ಮಾತು ಬೇಕೇ ಬೇಕು. ಎನ್‌ವಿಡಿಎಯ 2024.2ನೇ ಆವೃತ್ತಿಯಿಂದ ಸೌಂಡ್ ಸ್ಪ್ಲಿಟ್ ಎಂಬ ಸೌಲಭ್ಯ ಬಂದಿದ್ದು, ಇದರಿಂದ ಎನ್‌ವಿಡಿಎಯ ಮಾತನ್ನು ಒಂದು ಕಿವಿಗೂ ಉಳಿದ ತಂತ್ರಾಂಶಗಳ ಸದ್ದನ್ನು ಇನ್ನೊಂದು ಕಿವಿಗೂ ಹಂಚಬಹುದು. ಎನ್‌ವಿಡಿಎ, ಆಲ್ಟ್ ಮತ್ತು ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಇದು ಬದಲಾಗುತ್ತದೆ. ಆದರೆ ಈ ಸ್ಥಿತಿಯಲ್ಲಿ ಹಾಡಿನ ಸ್ಟೀರಿಯೋದ ಒಂದು ಬದಿ ಮಾತ್ರ ಕೇಳಿಸುತ್ತದೆ. ಆದ್ದರಿಂದ ಹಾರ್ಮೋನಿಯಂ ಎಡಕ್ಕಿದೆಯೇ, ತಬಲಾ ಬಲಕ್ಕಿದೆಯೇ ಎಂದು ತೂಗುವ ಮುನ್ನ ಅದನ್ನು ಮರೆಯದೆ ನಿಲ್ಲಿಸಬೇಕು. ಇದರ ಜೊತೆಗೆ ಎನ್‌ವಿಡಿಎಯಲ್ಲಿ ಆಡಾಸಿಟಿಗೆಂದೇ ಪ್ರತ್ಯೇಕ ಪ್ರೊಫೈಲ್ ಮಾಡಿಕೊಂಡು, ಮಾತಿನ ವೇಗ ಹೆಚ್ಚಿಸಿ, ಒತ್ತಿದ ಅಕ್ಷರವನ್ನು ಓದಿ ಹೇಳುವುದನ್ನು ನಿಲ್ಲಿಸಿಡಿ. ಮೆನುಗಳು ಇಂಗ್ಲಿಷಿನಲ್ಲಿರುವುದರಿಂದ ಈ ಪ್ರೊಫೈಲ್‌ಗೆ ಇಂಗ್ಲಿಷ್ ಧ್ವನಿಯನ್ನೇ ಇಟ್ಟುಕೊಂಡು, ಬರವಣಿಗೆಗೆ ಈಸ್ಪೀಕ್ ಎಂಬ ಮಾತಿನ ತಂತ್ರಾಂಶದ ಕನ್ನಡ ಧ್ವನಿಯನ್ನು ಉಳಿಸಿಕೊಳ್ಳುವುದು ಅನುಕೂಲ.

ಧ್ವನಿಮಟ್ಟವನ್ನು ಅಳೆಯಲು ಸುಲಭವಾದ ದಾರಿಯೊಂದಿದೆ. ಮೊದಲು ನೀವು ಹಾಡುವ ಅತಿ ಎತ್ತರದ ಸಾಲನ್ನು, ತಾರಸಪ್ತಕದ ಸ್ವರವಿರುವ ಸಾಲನ್ನೇ, ಪೂರ್ಣ ಕಂಠದಿಂದ ಹಾಡಿ ರೆಕಾರ್ಡ್ ಮಾಡಿ. ಅದನ್ನೆಲ್ಲ ಆಯ್ಕೆ ಮಾಡಿಕೊಂಡು ಎಫೆಕ್ಟ್ ಮೆನುವಿನಿಂದ ಆಂಪ್ಲಿಫೈ ತೆರೆಯಿರಿ. ಧ್ವನಿಯ ಶಿಖರವನ್ನು, ಅಂದರೆ ಅತಿ ಗಟ್ಟಿಯಾದ ಬಿಂದುವನ್ನು, ಗರಿಷ್ಠ ಮಿತಿಯಾದ ಸೊನ್ನೆ ಡೆಸಿಬೆಲ್‌ಗೆ ಮುಟ್ಟಿಸಲು ಎಷ್ಟು ಏರಿಸಬೇಕೆಂಬ ಲೆಕ್ಕವನ್ನು ಆ ಕಿಟಕಿ ತಾನೇ ತುಂಬಿಕೊಂಡಿರುತ್ತದೆ, ಎನ್‌ವಿಡಿಎ ಅದನ್ನು ಓದಿ ಹೇಳುತ್ತದೆ. ಅಲ್ಲಿ 8 ಎಂದಿದ್ದರೆ ನಿಮ್ಮ ಶಿಖರ ಮೈನಸ್ 8 ಡೆಸಿಬೆಲ್‌ನಲ್ಲಿದೆ ಎಂದರ್ಥ. ಎಸ್ಕೇಪ್ ಒತ್ತಿ ಏನನ್ನೂ ಬದಲಿಸದೆ ಹೊರಬನ್ನಿ. ಈ ಅಂಕಿ 6ರಿಂದ 12ರ ನಡುವೆ ಇದ್ದರೆ ನಿಶ್ಚಿಂತೆಯಿಂದ ಹಾಡಬಹುದು. ಸೊನ್ನೆ ಬಂದರೆ ಧ್ವನಿ ಒಡೆದಿರುವ ಸಂಭವವೇ ಹೆಚ್ಚು, ಮೈಕ್‌ನ ಮಟ್ಟ ತಗ್ಗಿಸಿ ಮತ್ತೆ ಹಾಡಿ ನೋಡಬೇಕು.

ಇನ್ನು ಕೆಮ್ಮಿನ ವಿಷಯ. ಸ್ಪೇಸ್ ಒತ್ತಿ ಹಾಡನ್ನು ಕೇಳುತ್ತ ಹೋಗಿ, ಕೆಮ್ಮಿಗೆ ತುಸು ಮೊದಲು ಎಡ ಚೌಕ ಆವರಣದ ಕೀಲಿಯನ್ನೂ ಅದು ಮುಗಿದ ಕೂಡಲೇ ಬಲ ಚೌಕ ಆವರಣದ ಕೀಲಿಯನ್ನೂ ಒತ್ತಿ, ನಿಲ್ಲಿಸಿ. ಒರಟಾದ ಆಯ್ಕೆಯೊಂದು ಸಿಕ್ಕಿತು. ಈಗ ಅದರ ಅಂಚುಗಳನ್ನು ಕೇಳಬೇಕು. ಶಿಫ್ಟ್ ಜೊತೆ ಎಫ್5 ಒತ್ತಿದರೆ ಆಯ್ಕೆಯ ಆರಂಭಕ್ಕಿಂತ ಸ್ವಲ್ಪ ಹಿಂದಿನ ತುಣುಕು, ಎಫ್6 ಒತ್ತಿದರೆ ಆರಂಭದ ನಂತರದ ತುಣುಕು ಕೇಳುತ್ತದೆ. ಶಿಫ್ಟ್ ಜೊತೆಗೇ ಒತ್ತಿದ ಎಫ್7 ಮತ್ತು ಎಫ್8 ಇದೇ ಕೆಲಸವನ್ನು ಆಯ್ಕೆಯ ಕೊನೆಯ ಅಂಚಿಗೆ ಮಾಡುತ್ತವೆ. ಎಫ್5ರಲ್ಲಿ ಪದದ ಕೊನೆಯ ಸ್ವರ ಪೂರ್ತಿ ಕೇಳಿಸಿ, ಎಫ್6ರಲ್ಲಿ ಕೆಮ್ಮು ಮಾತ್ರ ಕೇಳಿಸಿದರೆ ಆ ಅಂಚು ಸರಿಯಾಗಿದೆ. ಇಲ್ಲದಿದ್ದರೆ ಶಿಫ್ಟ್ ಮತ್ತು ಬಾಣದ ಕೀಲಿಗಳಿಂದ ಆಯ್ಕೆಯನ್ನು ಹಿಗ್ಗಿಸಿ, ಕಂಟ್ರೋಲ್ ಕೀಲಿಯನ್ನೂ ಸೇರಿಸಿ ಒತ್ತಿ ಕುಗ್ಗಿಸಿ.

ನಿಮ್ಮ ಪದ ತುಂಡಾಗುತ್ತಿರುವುದು ಬಹುಶಃ ಇಲ್ಲಿಯೇ. ಬಾಣದ ಕೀಲಿ ಒಮ್ಮೆಗೆ ಎಷ್ಟು ದೂರ ಸರಿಯುತ್ತದೆ ಎಂಬುದು ತೆರೆಯ ಮೇಲಿನ ಜೂಮ್‌ಗೆ ಅನುಗುಣವಾಗಿರುತ್ತದೆ. ಜೂಮ್ ನೋಡುವವರಿಗೆ ಮಾತ್ರ ಬೇಕಾದದ್ದೆಂದು ಹಲವು ಅಂಧ ಬಳಕೆದಾರರು ಅದನ್ನು ಮುಟ್ಟುವುದೇ ಇಲ್ಲ. ಅದು ನಿಮಗೂ ಅಷ್ಟೇ ಬೇಕಾದದ್ದು. ಕಂಟ್ರೋಲ್ ಮತ್ತು 1 ಒತ್ತಿದಷ್ಟೂ ಹೆಜ್ಜೆ ಕಿರಿದಾಗುತ್ತದೆ, ಕಂಟ್ರೋಲ್ ಮತ್ತು 3 ಒತ್ತಿದರೆ ಹಿರಿದಾಗುತ್ತದೆ. ಅಂಚು ಕೂಡಿಬಂದ ಮೇಲೆ ಝಡ್ ಒತ್ತಿ ಅದನ್ನು ಅಲೆಯ ಸೊನ್ನೆಯ ಬಿಂದುವಿಗೆ ಸರಿಸಿದರೆ, ಕತ್ತರಿಸಿದಲ್ಲಿ ಚಟ್ ಎಂಬ ಸದ್ದು ಉಳಿಯುವುದಿಲ್ಲ. ಕೊನೆಗೆ ಸಿ ಒತ್ತಿ. ಕೆಮ್ಮನ್ನು ತೆಗೆದುಹಾಕಿದರೆ ಹೇಗೆ ಕೇಳಿಸೀತು ಎಂಬುದನ್ನು, ತೆಗೆಯುವ ಮೊದಲೇ, ಆಡಾಸಿಟಿ ನುಡಿಸಿ ತೋರಿಸುತ್ತದೆ. ಒಪ್ಪಿಗೆಯಾದರೆ ಮಾತ್ರ ಡಿಲೀಟ್ ಒತ್ತಿ.

ಗಾಯಕರಾದ ನಿಮಗೆ ಇನ್ನೆರಡು ಮಾತು. ತಬಲಾ ನಡೆಯುತ್ತಿರುವಾಗ ಕೆಮ್ಮನ್ನು ಹೀಗೆ ಕತ್ತರಿಸಿದರೆ ಅದರೊಂದಿಗೆ ಕಾಲವೂ ಹೋಗಿ ತಾಳದ ಮಾತ್ರೆ ತಪ್ಪುತ್ತದೆ. ಕಂಠ ಮತ್ತು ತಬಲಾ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿದ್ದರೆ ಕಂಠದ ಟ್ರ್ಯಾಕ್‌ನಲ್ಲಿ ಮಾತ್ರ ಕಂಟ್ರೋಲ್ ಮತ್ತು ಎಲ್ ಒತ್ತಿ ಆ ಭಾಗವನ್ನು ಮೌನವಾಗಿಸಿ; ಎರಡೂ ಒಂದೇ ಟ್ರ್ಯಾಕ್‌ನಲ್ಲಿದ್ದರೆ ಆ ಸಾಲನ್ನು ಮತ್ತೆ ಹಾಡುವುದೇ ಲೇಸು. ಫ್ಯಾನಿನ ಸದ್ದನ್ನು ತೆಗೆಯುವ ನಾಯ್ಸ್ ರಿಡಕ್ಷನ್‌ಗೆ ಬರಿಯ ಕೋಣೆಯ ಸದ್ದಿನ ಮಾದರಿ ಬೇಕಾಗುವುದರಿಂದ, ತಂಬೂರಿ ಶುರುಮಾಡುವ ಮೊದಲೇ ಕೆಲವು ಸೆಕೆಂಡು ಸುಮ್ಮನೆ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮಾದರಿಯೊಳಗೆ ತಂಬೂರಿ ಸೇರಿಬಿಟ್ಟರೆ ತಂತ್ರಾಂಶವು ಅದರ ನಾದವನ್ನೂ ಗದ್ದಲವೆಂದೇ ತಿಳಿದು ತಿಂದುಹಾಕುತ್ತದೆ.

ಪ್ರಶ್ನೆ: ನನ್ನ ಮಗಳಿಗೆ ದೃಷ್ಟಿಯಿಲ್ಲ. ಧ್ವನಿ ತಂತ್ರಜ್ಞಳಾಗಬೇಕೆಂಬ ಆಸೆ ಅವಳದು. ತರಬೇತಿಗೆ ವಿಚಾರಿಸಿದ ಕಡೆ, ತಾವು ಕಲಿಸುವ ತಂತ್ರಾಂಶವನ್ನು ಸ್ಕ್ರೀನ್ ರೀಡರ್ ಓದುವುದಿಲ್ಲ ಎಂದು ಹಿಂದಕ್ಕೆ ಕಳುಹಿಸಿದರು. ಬೇರೆ ದಾರಿಯಿದೆಯೇ? (ಮೈಸೂರಿನ ಓದುಗರು)

ಉತ್ತರ: ಇದೆ, ಅಮ್ಮ. ಅವರು ಹೇಳಿದ್ದು ಆ ಒಂದು ತಂತ್ರಾಂಶದ ಮಟ್ಟಿಗೆ ನಿಜವಿರಬಹುದು. ತಂತ್ರಾಂಶದ ಗುಂಡಿಗಳಿಗೆ ಹೆಸರು ಕೊಟ್ಟು ವಿಂಡೋಸ್‌ಗೆ ತಿಳಿಸಿದ್ದರೆ ಸ್ಕ್ರೀನ್ ರೀಡರ್ ಓದುತ್ತದೆ; ಬರಿಯ ಚಿತ್ರವಾಗಿ ಬರೆದಿಟ್ಟಿದ್ದರೆ ಅದರ ಪಾಲಿಗೆ ಅಲ್ಲಿ ಏನೂ ಇರುವುದಿಲ್ಲ. ಇದು ತಂತ್ರಾಂಶದ ಕೊರತೆ, ಅದನ್ನು ನಿಮ್ಮ ಮಗಳ ಕೊರತೆಯೆಂದು ಎಣಿಸಿ ಹಿಂದಕ್ಕೆ ಕಳುಹಿಸಿದ್ದು ಅನ್ಯಾಯ.

ವಿಂಡೋಸ್‌ನಲ್ಲಿ ಅವಳು ರೀಪರ್ ಕಲಿಯಲಿ. ಇದು ಪೂರ್ಣ ಪ್ರಮಾಣದ ಬಹುಟ್ರ್ಯಾಕ್ ತಂತ್ರಾಂಶ. 60 ದಿನ ಉಚಿತವಾಗಿ ಬಳಸಿ ನೋಡಬಹುದು, ಆಮೇಲೆ ವೈಯಕ್ತಿಕ ಬಳಕೆಯ ಪರವಾನಗಿ 60 ಡಾಲರ್. ಇದರೊಂದಿಗೆ ಒಸಾರಾ ಎಂಬ ಉಚಿತ ವಿಸ್ತರಣೆಯನ್ನು ಅಳವಡಿಸಲೇಬೇಕು. ಯಾವ ಟ್ರ್ಯಾಕ್‌ನಲ್ಲಿದ್ದೇವೆ, ಅದು ಮ್ಯೂಟ್ ಆಗಿದೆಯೇ, ಕರ್ಸರ್ ಎಷ್ಟನೇ ಮಾತ್ರೆಯಲ್ಲಿದೆ, ಧ್ವನಿಯ ಶಿಖರ ಎಷ್ಟು ಮುಟ್ಟಿತು ಎಂಬುದನ್ನೆಲ್ಲ ಒಸಾರಾ ಸ್ಕ್ರೀನ್ ರೀಡರ್ ಮೂಲಕ ಹೇಳಿಸುತ್ತದೆ. ಬಣ್ಣಬಣ್ಣದ ಗುಂಡಿಗಳಿರುವ ಪ್ಲಗಿನ್‌ಗಳು (ಧ್ವನಿಯನ್ನು ಮಾರ್ಪಡಿಸುವ ಸೇರ್ಪಡೆ ತಂತ್ರಾಂಶಗಳು) ನೇರವಾಗಿ ಓದಿಸಿಕೊಳ್ಳದಿದ್ದರೂ, ಅವುಗಳ ಮೌಲ್ಯಗಳನ್ನು ಅದು ಪಟ್ಟಿಯಾಗಿ ಮುಂದಿಡುವುದರಿಂದ ಬಹಳಷ್ಟನ್ನು ಬಳಸಲು ಬರುತ್ತದೆ. ಒಸಾರಾವನ್ನು ಆರಂಭಿಸಿದವರು ಆಸ್ಟ್ರೇಲಿಯಾದ ಜೇಮ್ಸ್ ಟೆ. 2006ರಲ್ಲಿ ಮೈಕಲ್ ಕರನ್ ಶುರುಮಾಡಿದ ಎನ್‌ವಿಡಿಎಯನ್ನು ಅವರೊಂದಿಗೆ ಬೆಳೆಸಿದವರೂ ಇವರೇ. ಇಬ್ಬರೂ ಅಂಧರು, ತಮಗೆ ಬೇಕಾದ ಉಪಕರಣವನ್ನು ತಾವೇ ಕಟ್ಟಿಕೊಂಡು ಜಗತ್ತಿಗೆ ಉಚಿತವಾಗಿ ಕೊಟ್ಟರು. ಈ ಮಾತನ್ನು ನಿಮ್ಮ ಮಗಳಿಗೆ ದಯವಿಟ್ಟು ತಿಳಿಸಿ.

ರೀಪರ್‌ಗೆ ಕೈಹಾಕುವ ಮೊದಲು ಆಡಾಸಿಟಿಯಲ್ಲಿ ಕೆಲಕಾಲ ಕೈ ಪಳಗಿಸಿಕೊಳ್ಳುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಕೀಲಿಗಳು ಬೆರಳಿಗೆ ಬರುವವರೆಗೆ ಕಿವಿ ಬಿಡುವಾಗುವುದಿಲ್ಲ.

ಪ್ರಶ್ನೆ: ಕಂಪ್ಯೂಟರ್ ಇಲ್ಲ. ತೆರೆ ಓದಿ ಹೇಳುವ ಟಾಕ್‌ಬ್ಯಾಕ್ ಇರುವ ಮೊಬೈಲ್‌ನಲ್ಲೇ ಇದನ್ನೆಲ್ಲ ಮಾಡಬಹುದೇ? (ಕಲಬುರಗಿಯ ಓದುಗರು)

ಉತ್ತರ: ರೆಕಾರ್ಡ್ ಮಾಡಲು ಮೊಬೈಲ್ ಸಾಕು. ಹೆಡ್‌ಫೋನ್ ಹಾಕಿಕೊಳ್ಳಿ, ಕರೆ ಬಾರದಂತೆ ಫ್ಲೈಟ್ ಮೋಡ್‌ನಲ್ಲಿಡಿ, ಆಯ್ಕೆಯಿದ್ದರೆ ಎಂಪಿ3 ಬಿಟ್ಟು ವೇವ್ ರೂಪದಲ್ಲಿ ಉಳಿಸಿ. ಆದರೆ ಅಂಚುಗಳನ್ನು ನಿಖರವಾಗಿ ಸರಿಸುವ ಸಂಕಲನವನ್ನು ಬೆರಳಿನಿಂದ ಗಾಜಿನ ಮೇಲೆ ಮಾಡುವುದು ಬಹಳ ಶ್ರಮದ ಕೆಲಸ. ಹಳೆಯದಾದರೂ ಸರಿ, ವಿಂಡೋಸ್ ಲ್ಯಾಪ್‌ಟಾಪ್ ಒಂದು ಸಿಕ್ಕರೆ ಎನ್‌ವಿಡಿಎಗೂ ಆಡಾಸಿಟಿಗೂ ನೀವು ಹಣ ಕೊಡಬೇಕಿಲ್ಲ. ಕೊಳ್ಳುವಾಗ ಆವರಣ ಚಿಹ್ನೆ, ಬಾಣ ಮತ್ತು ಎಫ್ ಕೀಲಿಗಳೆಲ್ಲ ಕೆಲಸ ಮಾಡುತ್ತಿವೆಯೇ ಎಂದು ಒಂದೊಂದಾಗಿ ಒತ್ತಿ ನೋಡಿ ತೆಗೆದುಕೊಳ್ಳಿ.