ನೆರೆ ಪರಿಹಾರದ ಹಣದ ಲೆಕ್ಕ ನೋಡುವ ಕೆಲಸ ಹೇಗಿರುತ್ತದೆ? ಬಿ.ಕಾಂ ಓದಿದವರು ಸೇರಬಹುದಾ?

ನೀವು ಗೋಕಾಕ ತಾಲೂಕಿನವರು ಅಂತ ಬರೆದಿದ್ದೀರಿ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಊರೊಳಗೆ ನುಗ್ಗಿದ್ದನ್ನು ಕಂಡಿದ್ದೀರಿ. ಆಮೇಲೆ ಬಂದ ಪರಿಹಾರದ ಪಟ್ಟಿಯನ್ನೂ ಕಂಡಿದ್ದೀರಿ. ಅದಕ್ಕೇ ಈ ಹಣದ ಲೆಕ್ಕ ಕೇಳುವ ಕೆಲಸಕ್ಕೆ ಸೇರಬೇಕು ಅನ್ನುತ್ತೀರಿ. ಖಂಡಿತ ಸೇರಿ. ನಾನು ಸರ್ಕಾರದ ಖರ್ಚಿನ ಲೆಕ್ಕ ಪರಿಶೋಧಿಸುವ ಮಹಾಲೇಖಪಾಲರ ಕಚೇರಿಯಲ್ಲಿ, ಅಂದರೆ ಜನ ಎ.ಜಿ. ಆಫೀಸ್ ಅನ್ನುವ ಕಡೆ, ಆಡಿಟರ್ ಆಗಿ ಸೇರಿ ಅಲ್ಲೇ ನಿವೃತ್ತನಾದವನು. ಬೆಳಗಾವಿ, ಬಾಗಲಕೋಟೆ ಕಡೆಯ ಕಡತಗಳನ್ನೇ ಜಾಸ್ತಿ ನೋಡಿದ್ದೇನೆ.

ಸೇರುವ ದಾರಿ ಮೊದಲು ಹೇಳಿಬಿಡುತ್ತೇನೆ. ಎ.ಜಿ. ಆಫೀಸಿಗೆ ಬರಬೇಕಾದರೆ ಎಸ್‌ಎಸ್‌ಸಿ (ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ) ಪದವೀಧರರಿಗೆ ನಡೆಸುವ ಸಿಜಿಎಲ್ ಪರೀಕ್ಷೆ ಬರೆಯಬೇಕು. ಯಾವ ಪದವಿ ಇದ್ದರೂ ನಡೆಯುತ್ತದೆ. ಆಡಿಟರ್ ಆಗಿ ಸೇರಿದವರು ಒಳಗಿನ ಎಸ್‌ಎಎಸ್ ಪರೀಕ್ಷೆ ಪಾಸಾದರೆ ಸಹಾಯಕ ಲೆಕ್ಕಪರಿಶೋಧನಾ ಅಧಿಕಾರಿ ಆಗಬಹುದು. ಯುಪಿಎಸ್‌ಸಿ ಬರೆದರೆ ನೇರ ಐಎ ಅಂಡ್ ಎಎಸ್, ಅಂದರೆ ಇದೇ ಇಲಾಖೆಯ ಮೇಲಿನ ಅಧಿಕಾರಿಗಳ ಸೇವೆ. ರಾಜ್ಯದ ಲೆಕ್ಕಪತ್ರ ಇಲಾಖೆಗೆ ಕೆಪಿಎಸ್‌ಸಿ ಪ್ರಕಟಣೆ ಹೊರಡಿಸುತ್ತದೆ, ಅದರ ಮೇಲೂ ಕಣ್ಣಿಡಿ. ಎ.ಜಿ. ಆಫೀಸ್ ಇರುವುದು ಬೆಂಗಳೂರಿನಲ್ಲಿ. ಆಡಿಟ್ ಪಾರ್ಟಿ ಜೊತೆ ವರ್ಷದಲ್ಲಿ ಬಹಳ ದಿನ ಊರೂರು ತಿರುಗಬೇಕು. ಮನೆಯಲ್ಲಿ ಇದನ್ನು ಮೊದಲೇ ಹೇಳಿಡಿ.

ಈಗ ಕೆಲಸದ ವಿಷಯ. ನೆರೆ ಪರಿಹಾರ ಮುಖ್ಯವಾಗಿ ಬರುವುದು ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ. ಅದರಲ್ಲಿ ಕೇಂದ್ರದ ಪಾಲು ನೂರಕ್ಕೆ 75, ರಾಜ್ಯದ್ದು 25. ಯಾವುದಕ್ಕೆ ಎಷ್ಟು ಕೊಡಬೇಕು ಅನ್ನುವುದಕ್ಕೆ ಕೇಂದ್ರದ ಮಾನದಂಡ ಇರುತ್ತದೆ. 2019ರಲ್ಲಿ ಆ ಲೆಕ್ಕದ ಪ್ರಕಾರ ಪೂರ್ತಿ ಬಿದ್ದ ಮನೆಗೆ ಬಯಲು ಪ್ರದೇಶದಲ್ಲಿ ಸಿಗುತ್ತಿದ್ದದ್ದು 95,100 ರೂಪಾಯಿ. ರಾಜ್ಯ ಸರ್ಕಾರ ತನ್ನ ಹಣ ಸೇರಿಸಿ ‘ಎ’ ವರ್ಗದ, ಅಂದರೆ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತು. ಸ್ವಲ್ಪ ಹಾನಿಯಾದ ‘ಸಿ’ ವರ್ಗಕ್ಕೆ ಸಿಕ್ಕಿದ್ದು ಸಾವಿರಗಳ ಲೆಕ್ಕದಲ್ಲಿ. ಯಾರಿಗೆ ಯಾವ ಅಕ್ಷರ ಬೀಳುತ್ತದೆ ಅನ್ನುವುದರ ಮೇಲೆ ಒಂದು ಸಂಸಾರದ ಮುಂದಿನ ಹತ್ತು ವರ್ಷ ನಿಂತಿರುತ್ತದೆ. ಆ ಅಕ್ಷರ ಬರೆಯುವವರು ತಲಾಟಿ, ಪಿಡಿಒ, ಎಂಜಿನಿಯರ್. ಅವರು ಕೆಸರಲ್ಲಿ ನಿಂತು, ಮಳೆಯಲ್ಲಿ, ಸುತ್ತ ಜನ ಕೂಗಾಡುತ್ತಿರುವಾಗ ಬರೆದಿರುತ್ತಾರೆ. ಕಡತ ತೆರೆಯುವಾಗ ಇದು ನೆನಪಿರಲಿ.

ಕಾಗದ ನೋಡುವ ಕಣ್ಣು ನಿಧಾನಕ್ಕೆ ಬರುತ್ತದೆ. ಒಂದು ಉದಾಹರಣೆ ಹೇಳುತ್ತೇನೆ. ಕಾಳಜಿ ಕೇಂದ್ರದಲ್ಲಿ ದಿನವೂ ಎಷ್ಟು ಜನ ಉಂಡರು ಅನ್ನುವುದಕ್ಕೆ ರಿಜಿಸ್ಟರ್ ಇರುತ್ತದೆ. ನಿಜವಾಗಿ ಅಲ್ಲೇ ಕೂತು ಬರೆದದ್ದಾದರೆ ಹಾಳೆ ತೇವಕ್ಕೆ ಉಬ್ಬಿರುತ್ತದೆ, ಅಂಚಿಗೆ ಅರಿಶಿನ ಅಂಟಿರುತ್ತದೆ, ದಿನಕ್ಕೊಂದು ಪೆನ್ನಿನ ಬಣ್ಣ. ಒಂದು ಕಡೆ ನನ್ನ ಮುಂದೆ ಬಂದ ರಿಜಿಸ್ಟರಿನ ಹಾಳೆ ಗರಿಗರಿಯಾಗಿತ್ತು. ಮೊದಲ ದಿನದಿಂದ ಕೊನೆಯ ದಿನದವರೆಗೆ ಒಂದೇ ಕೈಬರಹ. ಅಷ್ಟಕ್ಕೇ ಕಳ್ಳಲೆಕ್ಕ ಅಂತ ಬರೆಯಬಾರದು. ಆಮೇಲೆ ನೀಟಾಗಿ ನಕಲು ಮಾಡಿರಲೂಬಹುದು. ಕಚ್ಚಾ ಪುಸ್ತಕ ಕೇಳಬೇಕು, ಅಡುಗೆ ಮಾಡಿದವರನ್ನು ಕೇಳಬೇಕು, ಅಕ್ಕಿ, ಸಿಲಿಂಡರ್ ಬಿಲ್ಲಿನ ಜೊತೆ ತಾಳೆ ನೋಡಬೇಕು. ಅಲ್ಲಿ ಅಡುಗೆ ಮಾಡಿದ ಹೆಣ್ಣುಮಗಳು ಹೇಳಿದ ಸಂಖ್ಯೆಗೂ ರಿಜಿಸ್ಟರಿಗೂ ಹೊಂದಲಿಲ್ಲ. ಆಕ್ಷೇಪಣೆ ಬರೆದೆವು.

ಆದರೆ ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಬೇರೆ. ನಮ್ಮ ಆಡಿಟ್ ಎಲ್ಲ ವೋಚರಿನಿಂದ, ಅಂದರೆ ಹಣ ಕೊಟ್ಟದ್ದಕ್ಕೆ ಇರುವ ಕಾಗದದಿಂದ ಶುರುವಾಗುತ್ತದೆ. ಯಾರಿಗೆ ಕೊಟ್ಟರೋ ಅವರ ಕಾಗದ ಇರುತ್ತದೆ, ಅನರ್ಹರಿದ್ದರೆ ಸಿಕ್ಕಿಬೀಳುತ್ತಾರೆ. ಸಿಗಬೇಕಾಗಿದ್ದೂ ಸಿಗದವರಿಗೆ ವೋಚರ್ ಎಲ್ಲಿಂದ ಬರಬೇಕು? ಮಲಪ್ರಭಾ ದಂಡೆಯ ಹಳ್ಳಿಗಳಲ್ಲಿ ಇದನ್ನು ತುಂಬ ನೋಡಿದ್ದೇನೆ. ಅಜ್ಜನ ಹೆಸರಲ್ಲಿರುವ ಮನೆ, ಉತಾರದಲ್ಲಿ ವಾರಸಾ ಆಗಿಲ್ಲ, ಅಂದರೆ ದಾಖಲೆ ಇನ್ನೂ ವಾರಸುದಾರರ ಹೆಸರಿಗೆ ಬಂದಿಲ್ಲ. ಒಳಗೆ ಮೂರು ಜನ ಅಣ್ಣತಮ್ಮಂದಿರು, ಮೂರು ಒಲೆ. ಪಂಚಾಯಿತಿ ದಾಖಲೆಯಲ್ಲಿ ಒಂದೇ ನಂಬರ್. ಗೋಡೆ ಬಿದ್ದದ್ದು ಮೂವರಿಗೂ, ಪರಿಹಾರ ಒಬ್ಬನಿಗೆ. ಗಂಡ ತೀರಿಕೊಂಡ ಸೊಸೆಯ ಹೆಸರಂತೂ ಯಾವ ಹಾಳೆಯಲ್ಲೂ ಇರುವುದಿಲ್ಲ. ಲೆಕ್ಕದ ಪ್ರಕಾರ ಆ ಕಡತದಲ್ಲಿ ಒಂದು ತಪ್ಪೂ ಕಾಣುವುದಿಲ್ಲ. ಇದು ನನಗೆ ಇವತ್ತಿಗೂ ಸಂಕಟ ಕೊಡುತ್ತದೆ.

ಇದಕ್ಕೆ ನಾನು ಕಂಡುಕೊಂಡ ದಾರಿ ಎರಡು. ಮೊದಲ ಸಮೀಕ್ಷೆಯ ಪಂಚನಾಮೆ ಪಟ್ಟಿಯನ್ನೂ ಕೊನೆಯ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು, ಬಿಟ್ಟುಹೋದ ಹೆಸರುಗಳಿಗೆ ಕಾರಣ ಕೇಳುವುದು. ಇನ್ನೊಂದು, ತಹಶೀಲ್ದಾರ್ ಕಚೇರಿಯ ಟಪಾಲು ರಿಜಿಸ್ಟರ್ ಓದುವುದು. ‘ಮನೆ ಬಿದ್ದಿದೆ, ಪರಿಹಾರ ಬಂದಿಲ್ಲ’ ಅನ್ನುವ ಅರ್ಜಿಗಳು ಅಲ್ಲಿ ನಮೂದಾಗಿರುತ್ತವೆ. ಮುಂದೆ ಏನಾಯಿತು ಅನ್ನುವ ಕಾಲಂ ಖಾಲಿ ಇದ್ದರೆ ಅದೇ ನಿಮ್ಮ ಪ್ಯಾರಾ, ಅಂದರೆ ಆಡಿಟ್ ವರದಿಯಲ್ಲಿ ಬರೆಯಬೇಕಾದ ಆಕ್ಷೇಪಣೆ. ಹೊಸಬರು ಈ ರಿಜಿಸ್ಟರ್ ಕೇಳುವುದೇ ಇಲ್ಲ. ನೀವು ಮೊದಲ ದಿನವೇ ಕೇಳಿ. ಎ.ಜಿ. ಆಫೀಸ್ ಇರುವುದು ಸಿಎಜಿ, ಅಂದರೆ ದೇಶದ ಮಹಾಲೆಕ್ಕಪರಿಶೋಧಕರ ಕೆಳಗೆ; 1971ರ ಸಿಎಜಿ ಕಾಯ್ದೆಯ ಪ್ರಕಾರ ದಾಖಲೆ ತರಿಸಿಕೊಳ್ಳುವ ಅಧಿಕಾರ ಇದೆ, ಹೆದರಬೇಡಿ.

ಶಿಕ್ಷೆ ಕೊಡುವ ಅಧಿಕಾರ ಮಾತ್ರ ಇಲ್ಲ. ನಾವು ಬರೆದದ್ದು ವರದಿಯಾಗಿ ರಾಜ್ಯಪಾಲರಿಗೆ ಹೋಗುತ್ತದೆ, ಅಲ್ಲಿಂದ ವಿಧಾನಮಂಡಲ, ಆಮೇಲೆ ಸಾರ್ವಜನಿಕ ಲೆಕ್ಕಪತ್ರ ಸಮಿತಿ. ಲಂಚದ ಕೇಸ್ ಆದರೆ ಲೋಕಾಯುಕ್ತ ನೋಡಬೇಕು. ಪ್ಯಾರಾ ಬರೆದು ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಅಷ್ಟರಲ್ಲಿ ಆ ಸಂಸಾರ ತಗಡಿನ ಶೆಡ್ಡಿನಲ್ಲೇ ಇರುತ್ತದೆ. ನೆರೆ ಇಳಿದ ಆರು ತಿಂಗಳೊಳಗೆ ಪರಿಹಾರದ ಆಡಿಟ್ ಆಗಬೇಕು ಅಂತ ನಾನು ಸೇವೆಯಲ್ಲಿದ್ದಾಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಪರೀಕ್ಷೆಗೆ ಓದುವಾಗಲೇ ಕೆಲಸದ ರುಚಿ ನೋಡಬೇಕು ಅಂದರೆ ನಿಮ್ಮ ಗ್ರಾಮ ಪಂಚಾಯಿತಿಯ ಜಮಾಬಂದಿಗೆ ಹೋಗಿ. ವರ್ಷಕ್ಕೊಮ್ಮೆ ನಡೆಯುತ್ತದೆ, ಖರ್ಚಿನ ದಾಖಲೆಗಳನ್ನು ಜನರ ಮುಂದೆ ಇಡುತ್ತಾರೆ. ಕ್ಯಾಶ್‌ಬುಕ್ಕಿನ ಒಂದು ತಿಂಗಳು ಮಾತ್ರ ಆರಿಸಿಕೊಂಡು, ಅದರಲ್ಲಿ ಬರೆದ ಒಂದು ಕಾಮಗಾರಿ ಎಲ್ಲಿದೆ ಅಂತ ನಡೆದು ಹೋಗಿ ನೋಡಿ ಬನ್ನಿ. ಏನು ಸಿಕ್ಕಿತು ಅಂತ ಇಲ್ಲೇ ಬರೆಯಿರಿ, ಮುಂದಿನದು ಹೇಳುತ್ತೇನೆ.