ಬೆಲೆ ಕೇಳುವ ಮೊದಲು ಮುಖ ನೋಡಿ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಅನಾರ್ಥೈಟ್ ಎಂಬ ಬಿಳಿ ಕಲ್ಲಿಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಅದರಲ್ಲಿ ಚಿನ್ನವಿಲ್ಲ, ಕಬ್ಬಿಣವಿಲ್ಲ, ಕೊಳ್ಳುವವರೂ ಇಲ್ಲ. ಹೊಳೆನರಸೀಪುರದ ನಮ್ಮ ಕಡೆ ಇಂಥ ಕಲ್ಲು ರಸ್ತೆ ಬದಿಯಲ್ಲೇ ಬಿದ್ದಿರುತ್ತದೆ. ಒಂದು ಚೂರು ಕಳಿಸಿದ್ದೇನೆ. ಇದನ್ನು ಚಂದ್ರನ ಕಲ್ಲೆಂದು ಹೊಗಳುವ ಬದಲು ಉಪಯೋಗಕ್ಕೆ ಬರುವ ಖನಿಜಗಳ ಬಗ್ಗೆ ಬರೆಯಬಾರದೇ?
— ಹಾಸನ ಜಿಲ್ಲೆಯ ಓದುಗರೊಬ್ಬರು

ಸಂಪಾದಕರ ಉತ್ತರ:

ಮಾನ್ಯರೇ, ಪತ್ರದ ಜೊತೆ ಕಲ್ಲನ್ನೂ ಕಟ್ಟಿ ಕಳಿಸಿದವರಲ್ಲಿ ನೀವೇ ಮೊದಲಿಗರು. ಲಕೋಟೆಯ ಮೂಲೆ ಹರಿದಿತ್ತು, ಕಲ್ಲು ಕ್ಷೇಮವಾಗಿತ್ತು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಮಾತಿನಲ್ಲಿ ನ್ಯಾಯ ಇಲ್ಲದೆ ಇಲ್ಲ. ಗಣಿಯಿಂದ ಹೊಟ್ಟೆ ಹೊರೆಯುವವರಿಗೆ ಬೆಲೆಯ ಪ್ರಶ್ನೆ ಸಣ್ಣದಲ್ಲ. ಲೆಕ್ಕವೇ ಬೇಕೆಂದರೆ ಕೊಡೋಣ: ಶುದ್ಧ ಅನಾರ್ಥೈಟಿನಲ್ಲಿ ಶೇ. 36ಕ್ಕೂ ಹೆಚ್ಚು ಅಲ್ಯೂಮಿನಾ, ಶೇ. 20ರಷ್ಟು ಸುಣ್ಣದ ಅಂಶವಿದೆ; ಉಳಿದದ್ದು ಸಿಲಿಕಾ. ಈ ಖನಿಜ ತುಂಬಿದ ಅನಾರ್ಥೊಸೈಟ್ ಶಿಲೆಯನ್ನು ಗ್ರೀನ್‌ಲ್ಯಾಂಡಿನಲ್ಲಿ ಗಾಜಿನ ನಾರಿನ ತಯಾರಿಕೆಗೆಂದು ಅಗೆದು ಸಾಗಿಸುತ್ತಾರೆ. ವ್ಯಾಪಾರದ ಮಾತು ಇಷ್ಟು ಸಾಕು, ಏಕೆಂದರೆ ಬೆಲೆಯನ್ನೇ ಹುಡುಕಿಕೊಂಡು ಹೋದವರು ಈ ಕಲ್ಲನ್ನು ಒಮ್ಮೆ ಕಸದ ರಾಶಿಗೆ ಎಸೆದ ಕಥೆಯೊಂದಿದೆ.

ಸಾಣೆ ಹಿಡಿಯಲು ಬಳಸುವ ಕುರುಂದದ ಕಲ್ಲು ತಮಿಳುನಾಡಿನ ಇಂದಿನ ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿಯ ಸುತ್ತ ಸಿಗುತ್ತದೆ. ಅದು ಕೂತಿರುವುದು ಬಿಳಿಯ, ಸಕ್ಕರೆಯಂತೆ ಹರಳುಹರಳಾದ ಒಂದು ಶಿಲೆಯ ಮಡಿಲಲ್ಲಿ. ಕೊಳ್ಳುವವರಿಗೆ ಬೇಕಿದ್ದದ್ದು ಕುರುಂದ ಮಾತ್ರ. ಬಿಳಿಯದು ಒಡೆದು ಬಿಸಾಡುವ ಸಿಪ್ಪೆ. ಆದರೆ 19ನೇ ಶತಮಾನದ ಆರಂಭದಲ್ಲಿ ಬೂರ್ನೋನ್ ಎಂಬ ಫ್ರೆಂಚ್ ಖನಿಜತಜ್ಞರು ಕರ್ನಾಟಿಕ್ ಪ್ರಾಂತದಿಂದ, ಅಂದರೆ ಇಂದಿನ ತಮಿಳುನಾಡಿನ ಕಡೆಯಿಂದ, ಹೋದ ಕುರುಂದದ ಮಾದರಿಗಳನ್ನು ಪರೀಕ್ಷಿಸುವಾಗ, ಅದಕ್ಕೆ ಅಂಟಿಕೊಂಡಿದ್ದ ಬಿಳಿ ಸಿಪ್ಪೆಯ ಮೇಲೂ ಕಣ್ಣಾಡಿಸಿದರು. ಅದಕ್ಕೆ ಇಂಡಿಯನೈಟ್ ಎಂಬ ಹೆಸರೂ ಬಂತು. 1823ರಲ್ಲಿ ಜರ್ಮನಿಯ ಗುಸ್ತಾವ್ ರೋಸ್, ವೆಸುವಿಯಸ್ ಜ್ವಾಲಾಮುಖಿಯ ಮಾಂಟೆ ಸೊಮ್ಮಾದಲ್ಲಿ ಸಿಕ್ಕ ಹರಳುಗಳನ್ನು ಅಳೆದು ಅನಾರ್ಥೈಟ್ ಎಂದು ಕರೆದರು. ಎರಡೂ ಒಂದೇ ಖನಿಜವೆಂದು ತಿಳಿದಾಗ ಇಂಡಿಯಾದ ಹೆಸರು ಬಿದ್ದುಹೋಯಿತು. ನನಗೆ ಇದರ ಬಗ್ಗೆ ಹಳೆಯ ಸಿಟ್ಟಿದೆ, ಆದರೆ ರೋಸ್ ಅವರ ಹೆಸರಿನಲ್ಲಿ ಹುರುಳಿದೆ ಎಂಬುದನ್ನು ಒಪ್ಪಲೇಬೇಕು. ಅನಾರ್ಥೈಟ್ ಎಂದರೆ ಗ್ರೀಕ್ ಭಾಷೆಯಲ್ಲಿ ನೇರವಲ್ಲದ್ದು. ಇದರ ಹರಳಿನ ಮೂರು ಅಕ್ಷಗಳಲ್ಲಿ ಒಂದೂ ಇನ್ನೊಂದಕ್ಕೆ ಲಂಬವಾಗಿ ನಿಲ್ಲುವುದಿಲ್ಲ. ಒಡೆದಾಗ ಏಳುವ ಎರಡು ನಯವಾದ ಮುಖಗಳು ಸುಮಾರು 86 ಡಿಗ್ರಿಯಲ್ಲಿ ಕೂಡುತ್ತವೆ. ಬಡಗಿಯ ಮೂಲೆಮಟ್ಟ ಇಟ್ಟರೆ ಸ್ವಲ್ಪವೇ ಸ್ವಲ್ಪ ತಪ್ಪುತ್ತದೆ.

ಪ್ಲೇಜಿಯೋಕ್ಲೇಸ್ ಫೆಲ್ಡ್‌ಸ್ಪಾರ್‌ಗಳೆಂಬ ಖನಿಜ ಕುಟುಂಬದ ಒಂದು ತುದಿಯಲ್ಲಿ ಸೋಡಿಯಂ ತುಂಬಿದ ಆಲ್ಬೈಟ್, ಇನ್ನೊಂದು ತುದಿಯಲ್ಲಿ ಕ್ಯಾಲ್ಸಿಯಂ ತುಂಬಿದ ಅನಾರ್ಥೈಟ್ ಇವೆ. ನಡುವೆ ಲ್ಯಾಬ್ರಡೊರೈಟ್, ಬೈಟೌನೈಟ್ ಮುಂತಾದ ಬೆರಕೆಗಳು. ಬೈಟೌನೈಟಿಗೆ ಹೆಸರು ಕೊಟ್ಟ ಬೈಟೌನ್, ಕೆನಡಾದ ಒಟ್ಟಾವಾದ ಹಳೆಯ ಹೆಸರು. ಅನಾರ್ಥೈಟ್ ಕರಗಲು ಸುಮಾರು 1,550 ಡಿಗ್ರಿ ಸೆಲ್ಸಿಯಸ್ ಬೇಕು, ಆಲ್ಬೈಟಿಗೆ 1,100 ದಾಟಿದರೆ ಸಾಕು. ಹಾಗಾಗಿ ಶಿಲಾರಸ ತಣಿಯುವಾಗ ಕ್ಯಾಲ್ಸಿಯಂ ಹೆಚ್ಚಿರುವ ಹರಳು ಮೊದಲು ಕಟ್ಟುತ್ತದೆ.

ಚಂದ್ರನ ಕಥೆ ಇದರಲ್ಲೇ ಅಡಗಿದೆ. ಹುಟ್ಟಿದ ಹೊಸತರಲ್ಲಿ ಚಂದ್ರನ ಮೇಲೆ ಶಿಲಾರಸದ ಕಡಲಿತ್ತು. ಭಾರವಾದ ಹರಳುಗಳು ತಳಕ್ಕೆ ಇಳಿದವು, ಸಾಂದ್ರತೆ ನೀರಿನ 2.7 ಪಟ್ಟಷ್ಟೇ ಇರುವ ಅನಾರ್ಥೈಟ್ ಕಾಯಿಸಿದ ಹಾಲಿನ ಕೆನೆಯಂತೆ ಮೇಲೆ ತೇಲಿ ಹೆಪ್ಪುಗಟ್ಟಿತು. ಹುಣ್ಣಿಮೆಯ ರಾತ್ರಿ ನಮಗೆ ಬೆಳ್ಳಗೆ ಹೊಳೆಯುವ ಭಾಗ ಆ ಕೆನೆಯೇ. 1971ರ ಆಗಸ್ಟ್‌ನಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಮತ್ತು ಜೇಮ್ಸ್ ಇರ್ವಿನ್ 269 ಗ್ರಾಂ ತೂಕದ ಒಂದು ಬಿಳಿ ಕಲ್ಲನ್ನು ಎತ್ತಿಕೊಂಡರು. ಅದರ ವಯಸ್ಸು 400 ಕೋಟಿ ವರ್ಷಕ್ಕೂ ಮೀರಿದ್ದು. ಅವರು ಭೂವಿಜ್ಞಾನಿಗಳಲ್ಲ, ವಿಮಾನ ಹಾರಿಸುತ್ತಿದ್ದವರು. ಆದರೆ ಲಿಯಾನ್ ಸಿಲ್ವರ್ ಎಂಬ ಪ್ರಾಧ್ಯಾಪಕರು ಅವರನ್ನು ಬೆಟ್ಟಗುಡ್ಡ ಸುತ್ತಿಸಿ ಕಲ್ಲು ನೋಡಲು ಕಲಿಸಿದ್ದರಿಂದ, ಹರಳಿನ ಹೊಳಪು ಮತ್ತು ಗೆರೆಗಳನ್ನು ಕಂಡು ಅದು ಅನಾರ್ಥೊಸೈಟ್ ಇರಬೇಕೆಂದು ಅಲ್ಲಿಯೇ ಊಹಿಸಿದರು.

ನಿಮ್ಮ ಸಿಪ್ಪೆಕಲ್ಲಿಗೆ ಬೆಂಗಳೂರಿನಲ್ಲೂ ಕೆಲಸ ಸಿಕ್ಕಿತು. ಚಂದ್ರಯಾನದ ಲ್ಯಾಂಡರನ್ನೂ ರೋವರನ್ನೂ ಪರೀಕ್ಷಿಸಲು ಚಂದ್ರನ ಮಣ್ಣಿನಂಥ ಮಣ್ಣು ಬೇಕಾದಾಗ ಇಸ್ರೊ ಹೋದದ್ದು ಸಿತ್ತಂಪೂಂಡಿ ಮತ್ತು ಕುನ್ನಮಲೈ ಎಂಬ ಹಳ್ಳಿಗಳ ಅನಾರ್ಥೊಸೈಟಿಗೆ. ಅದನ್ನು ಪುಡಿ ಮಾಡಿ ತಂದು ಹಾಸಿದರು. ಆ ಮಣ್ಣಿನ ತಯಾರಿಕೆಗೆ 2020ರಲ್ಲಿ ಪೇಟೆಂಟ್ ಕೂಡ ಬಂತು. 2023ರಲ್ಲಿ ಪ್ರಜ್ಞಾನ್ ರೋವರ್ ಸುಮಾರು 103 ಮೀಟರ್ ಓಡಾಡಿ 23 ಕಡೆ ಮಣ್ಣನ್ನು ಅಳೆದಾಗ ಕಂಡದ್ದೂ ಅನಾರ್ಥೊಸೈಟಿನ ಗುಣವೇ.

ಚಂದ್ರ ದೂರವಾಯಿತು ಎನ್ನುವಿರಾದರೆ ವಿಜಯಪುರ, ಬಾಗಲಕೋಟೆಗಳ ಎರೆ ಹೊಲಗಳನ್ನು ನೋಡಿ. ದಖ್ಖನ್ನಿನ ಕಪ್ಪು ಬಸಾಲ್ಟ್ ಶಿಲೆಯಲ್ಲಿರುವುದು ಕ್ಯಾಲ್ಸಿಯಂ ಹೆಚ್ಚಿರುವ ಲ್ಯಾಬ್ರಡೊರೈಟ್. ಫೆಲ್ಡ್‌ಸ್ಪಾರ್‌ಗಳಲ್ಲಿ ಮಳೆಗಾಳಿಗೆ ಬೇಗ ಸೋಲುವುದು ಇಂಥವೇ. ಸೋತದ್ದು ಜೇಡಿಯಾಗುತ್ತದೆ, ಬಿಡುಗಡೆಯಾದ ಕ್ಯಾಲ್ಸಿಯಂ ನೀರಿನೊಡನೆ ಇಳಿದು ಸುಣ್ಣದ ಗಂಟುಗಳಾಗಿ ಕೂರುತ್ತದೆ. ನೇಗಿಲಿಗೆ ತಾಗುವ ಆ ಬಿಳಿ ಗಂಟನ್ನು ರೈತರು ಬಲ್ಲರು. ಅದರ ಮೂಲ ಯಾವುದೆಂದು ಅವರಿಗೆ ಹೇಳಿದವರು ಯಾರು?

ನಮ್ಮ ಶಾಲೆಗಳಂತೂ ಹೇಳಲಿಲ್ಲ. ನಾನು ಓದಿದ ಹೈಸ್ಕೂಲಿನಲ್ಲಿ ಖನಿಜದ ಪಾಠವೆಂದರೆ ಎರಡು ಕಾಲಮ್ಮಿನ ಪಟ್ಟಿ: ಎಲ್ಲಿ ಸಿಗುತ್ತದೆ, ಯಾವುದಕ್ಕೆ ಉಪಯೋಗ. ಗಾಜಿನ ಕಪಾಟಿನಲ್ಲಿ ಹನ್ನೆರಡು ಮಾದರಿಗಳಿದ್ದವು. ಹನ್ನೊಂದಕ್ಕೆ ಚೀಟಿ, ಒಂದಕ್ಕೆ ಬರೀ ‘ಬಿಳಿ ಕಲ್ಲು’. ಕಪಾಟಿನ ಬೀಗದ ಕೈ ಕಳೆದುಹೋಗಿದ್ದರಿಂದ ಮೂರು ವರ್ಷವೂ ಅದನ್ನು ಮುಟ್ಟಲಾಗಲಿಲ್ಲ. ನಿಮ್ಮ ಜಿಲ್ಲೆಯ ನುಗ್ಗೇಹಳ್ಳಿಯ ಸುತ್ತಿನ ಶಿಲೆಗಳಲ್ಲಿ ಕ್ರೋಮೈಟ್ ಇದೆ ಎಂದು ಪರೀಕ್ಷೆಗೆ ಬರೆದವರು ಸಾವಿರಾರು ಮಂದಿ. ಅಲ್ಲೂ ಹೊಳೆನರಸೀಪುರದಲ್ಲೂ ಅನಾರ್ಥೊಸೈಟ್ ಇದೆ ಎಂದು ಬರೆಸಿದ ಮೇಷ್ಟ್ರನ್ನು ನಾನು ಕಂಡಿಲ್ಲ. ಬೆಲೆ ಹತ್ತದ್ದಕ್ಕೆ ಹೆಸರೂ ಹತ್ತಲಿಲ್ಲ.

ಇನ್ನು ನಿಮ್ಮ ಚೂರು. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಅರ್ಧ ಗಂಟೆ ನೋಡಿದೆ. ಒಡೆದ ಕಡೆ ಬಾಟಲಿಯ ಚೂರಿನಂತೆ ಬಳುಕಿದೆ, ಚಪ್ಪಟೆ ಮುಖ ಒಂದೂ ಇಲ್ಲ. ನನ್ನಲ್ಲಿದ್ದ ಫೆಲ್ಡ್‌ಸ್ಪಾರ್ ತುಣುಕನ್ನು ಅದು ಸಲೀಸಾಗಿ ಗೀರಿತು. ಕ್ಷಮಿಸಿ, ನೀವು ಕಳಿಸಿರುವುದು ಬೆಣಚುಕಲ್ಲು. ಮುಂದಿನ ಸಲ ಹೋದಾಗ ಕಲ್ಲನ್ನು ಬಿಸಿಲಿಗೆ ಹಿಡಿದು ನಿಧಾನವಾಗಿ ಹೊರಳಿಸಿ. ಚಪ್ಪಟೆಯಾದ ಮುಖವೊಂದು ಕನ್ನಡಿಯಂತೆ ಫಳ್ಳೆಂದು, ಅದರ ಮೇಲೆ ಕಾಪಿ ಪುಸ್ತಕದಲ್ಲಿ ಎಳೆದಂಥ ಸಣ್ಣ ಸಮಾನಾಂತರ ಗೆರೆಗಳು ಕಂಡರೆ ಅದನ್ನು ಕಳಿಸಿ. ಲಕೋಟೆ ಸ್ವಲ್ಪ ಗಟ್ಟಿಯಾಗಿರಲಿ.