ಸಿಡ್ನಿಯ ಬೇಸಿಗೆಯಲ್ಲಿ ಕ್ರಿಸ್ಮಸ್

ಪ್ರಶ್ನೆ: ಮದುವೆಯ ನಂತರದ ಮೊದಲ ಕ್ರಿಸ್ಮಸ್ಸಿಗೆ ನಾನೂ ನನ್ನ ಪತಿಯೂ ಸಿಡ್ನಿ ಪ್ರವಾಸದಲ್ಲಿರುತ್ತೇವೆ. ಅಲ್ಲಿ ಆಗ ಬೇಸಿಗೆಯಂತೆ. ಅತ್ತೆಯವರು ಮಾಡಿಕೊಡುವ ಕುಸ್ವಾರನ್ನು (ಕ್ರಿಸ್ಮಸ್ ತಿಂಡಿಗಳನ್ನು) ಒಯ್ಯಬಹುದೇ? ಬೇರೆ ಯಾವ ಸಿದ್ಧತೆ ಬೇಕು?
– ಓದುಗರೊಬ್ಬರು, ಬೆಂದೂರು, ಮಂಗಳೂರು

ಉತ್ತರ: ಸೆಕೆಗೆ ಮಂಗಳೂರಿನವರು ಹೆದರಬೇಕಾಗಿಲ್ಲ, ಡಿಸೆಂಬರಿನಲ್ಲಿ ಸಿಡ್ನಿಯ ಹಗಲಿನ ಉಷ್ಣಾಂಶ ಸಾಮಾನ್ಯವಾಗಿ 25 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ನಮ್ಮದು 30 ದಾಟಿರುತ್ತದೆ. ಆದರೆ ಅಲ್ಲಿಯ ಬಿಸಿಲಿನಲ್ಲಿ ಅತಿನೇರಳೆ ಕಿರಣಗಳು ಬಹಳ ತೀಕ್ಷ್ಣವಾಗಿರುವುದರಿಂದ ಟೋಪಿ, ಸನ್‌ಸ್ಕ್ರೀನ್ ಇಲ್ಲದೆ ಬೊಂಡೈ ಕಡಲತೀರಕ್ಕೆ ಹೋಗಬೇಡಿ. ಜೀವರಕ್ಷಕರ ಕಾವಲಿರುವ ಜಾಗವನ್ನು ಸೂಚಿಸುವ ಕೆಂಪು–ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಿರಿ.

ನಿಜವಾದ ಎಚ್ಚರ ಬೇಕಾದದ್ದು ಕುಸ್ವಾರಿನ ವಿಷಯದಲ್ಲಿ. ಆಸ್ಟ್ರೇಲಿಯಾದ ಜೈವಿಕ ಸುರಕ್ಷತಾ ನಿಯಮಗಳು ಬಿಗಿಯಾಗಿದ್ದು, ಕಿಡಿಯೊ, ನೆವ್ರಿ, ಗುಳಿಯೊ ಯಾವುದೇ ಇರಲಿ, ಆಗಮನದ ಘೋಷಣೆಯಲ್ಲಿ ಆಹಾರ ಪದಾರ್ಥವೆಂದು ತಪ್ಪದೆ ನಮೂದಿಸಬೇಕು. ಪ್ರಾಮಾಣಿಕವಾಗಿ ಘೋಷಿಸಿದ ತಿಂಡಿಯನ್ನು ಅಧಿಕಾರಿಗಳು ತೆಗೆದುಕೊಂಡರೆ ಹೋಗುವುದು ತಿಂಡಿಯಷ್ಟೇ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಭಾರೀ ದಂಡ ತೆರಬೇಕಾದೀತು. (ಅತ್ತೆಯವರಿಗೆ ಇದನ್ನು ತಿಳಿಸುವ ಹೊಣೆಯನ್ನು ಪತಿಗೇ ವಹಿಸಿ.)

25ರಂದು ಹೆಚ್ಚಿನ ಅಂಗಡಿಗಳು ಮುಚ್ಚಿರುವುದರಿಂದ ಊಟದ ಏರ್ಪಾಡನ್ನು ಮುಂಚಿತವಾಗಿಯೇ ಮಾಡಿಕೊಳ್ಳಿ. ಸೇಂಟ್ ಮೇರೀಸ್ ಕೆಥೆಡ್ರಲ್‌ನ ನಡುರಾತ್ರಿಯ ಬಲಿಪೂಜೆಗೆ ಬೇಗನೆ ಹೋದರೆ ಕೂರಲು ಜಾಗ ಸಿಕ್ಕೀತು. ಅಲ್ಲಿ ಹನ್ನೆರಡು ಹೊಡೆಯುವಾಗ ಇಲ್ಲಿ ಸಂಜೆ 6.30 ಆಗಿರುತ್ತದೆ, ಮನೆಯವರೊಡನೆ ಮಾತನಾಡಲು ಅನುಕೂಲದ ಹೊತ್ತು.